ಬಿಚ್ಚಲು ಬಾರದ ಗೋಡೆ

ನವೆಂಬರ್ ೪, ಮಂಗಳವಾರ

ಆ ಗೋಡೆಯೇ ಕಣ್ಣ ಮುಂದೆ ಬರುತ್ತಿದೆ.

ವಿಶ್ವಮೇಳ ಮುಗಿಯಿತು. ಹೂವಿನಂತೆ ಅರಳಿ ಮುಚ್ಚುವ ಚಾವಣಿಯ ನಮ್ಮ 'ನಾಳೆಯ ಮನೆ' ಮಂಟಪವನ್ನು ಇವತ್ತು ಬಿಚ್ಚಿದೆವು. ಹಲಗೆಗಳೆಲ್ಲ ಮುಂದಿನ ಮೇಳಕ್ಕೆ ಹೋಗಬೇಕು, ಬರೀ ಬೋಲ್ಟು ಹಾಕಿ, ಅಂಟು ಮುಟ್ಟಬೇಡಿ ಎಂದು ಎಂಜಿನಿಯರ್ ಮೇಡಂ ಕಟ್ಟುವಾಗಲೇ ಹೇಳಿದ್ದರು. ಉಳಿದದ್ದೆಲ್ಲ ಸಲೀಸಾಗಿ ಕಳಚಿತು. ಬಡಗಿಯಾದ ನನ್ನ ಸೋದರಮಾವ ಕೂರಿಸಿದ ಗೋಡೆ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಳೆದರೆ ಹಲಗೆಯೇ ಸೀಳಿತು.

ಮೇಡಂ ನೇರ ಮಾವನ ಕೈಕೆಳಗೆ ಕೆಲಸ ಮಾಡುವ ನನ್ನ ಹತ್ತಿರ ಬಂದರು. "ಅಂಟು ಹಾಕಿದ್ದು ಯಾರಮ್ಮ?"

ನನಗೆ ಗೊತ್ತಿತ್ತು. ಹೇಳಿದರೆ ಮಾವನ ಮುಂದಿನ ಕೆಲಸಕ್ಕೆ ಕಲ್ಲು ಬೀಳುತ್ತದೆಂದೂ ಗೊತ್ತಿತ್ತು. ಬಾಯಿ ತೆರೆದೆ.

"ಅವಳನ್ನ ಕೇಳ್ಬೇಡಿ ಮೇಡಂ, ನಿಜ ಹೇಳ್ಬಿಡ್ತಾಳೆ," ಎಂದ ಮಾವ. "ಹೆಡ್‌ಮಾಸ್ಟ್ರಿಗೂ ನಿಜ ಹೇಳಿಯೇ ಸ್ಕೂಲು ಬಿಟ್ಟು ಬಂದವಳು. ಹಾಕಿದ್ದು ನಾನೇ. ಮಕ್ಕಳು ಒರಗೋ ಗೋಡೆ. ಬರೀ ಬೋಲ್ಟು ನಂಬೋಕೆ ಮನಸ್ಸು ಒಪ್ಪಲಿಲ್ಲ."

ಮೇಡಂ ನಗು ತಡೆದುಕೊಂಡರು. "ಮುಂದಿನ ಮೇಳದಲ್ಲಿ ನಿಮ್ಮ ಕೈಗೆ ಅಂಟಿನ ಡಬ್ಬಿ ಕೊಡಲ್ಲ, ಅಷ್ಟೆ."

ಕೆಲಸ ಉಳಿಯಿತು. ಆದರೆ ನನಗೆ ನಿದ್ದೆಯಿಲ್ಲ. ಮಾವ ತಡೆಯದಿದ್ದರೆ ಹೇಳಿಯೇ ಬಿಡುತ್ತಿದ್ದೆ. ಅದು ಅವನಿಗೂ ಗೊತ್ತು. ಆದರೂ ಬರುವಾಗ ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಒಂದು ಮಾತು ಬೈದಿದ್ದರೂ ನಿದ್ದೆ ಬರುತ್ತಿತ್ತೇನೋ.