ಚೊಂಬಿನಾಗಿದ್ದ ತೊಗಲಿನ ಬಣ್ಣ

ರೀ,

ಫೋನು ಮನೆಯಾಗೇ ಬಿಟ್ಟು ಹೋಗಿದೀರಿ, ಅದಕ್ಕೆ ಬರೀತಿದೀನಿ. ತೊಗಲಿಗೆ ಕಪ್ಪು ಹಚ್ಚಾಕೆ ನೀವು ಚೊಂಬಿನಾಗೆ ಬಣ್ಣ ಇಟ್ಟಿದ್ರಲ್ಲ, ಅದನ್ನ ಅತ್ತೆ ಪಾನಕ ಅಂದ್ಕೊಂಡು ಗಟಗಟ ಕುಡಿದುಬಿಟ್ರು. ಹೊಲದಿಂದ ಬಾಯಾರಿ ಬಂದಿದ್ರು. ತುಕ್ಕು ಮೊಳೆ, ಬೆಲ್ಲ ಹಾಕಿ ಕೊಳೆಸಿದ ನೀರು ಅಂತ ನಾನು ಕೂಗೋವಷ್ಟರಾಗೆ ಅರ್ಧ ಚೊಂಬು ಖಾಲಿ.

ಬಾಯಾಗೆ ಅಡಿಕೆ ಇತ್ತೇನೋ, ಅದರ ಒಗರಿಗೆ, ತಂಗಡಿ ಗಿಡದ ತೊಗಟೆಯಾಗೆ ಹದ ಮಾಡಿದ ತೊಗಲು ಈ ನೀರು ತಾಗಿದ್ರೆ ಕಪ್ಪಾಗ್ತದಲ್ಲ, ಹಂಗೇ ಅವರ ನಾಲಿಗೆ ಕಪ್ಪಾಗೈತೆ. ವಾಂತಿ ನಿಲ್ತಿಲ್ಲ.

ತಿಪ್ಪೇಶಪ್ಪನ ಆಟೋದಾಗೆ ಚನ್ನಗಿರಿ ದೊಡ್ಡಾಸ್ಪತ್ರೆಗೆ ಹೊಂಟೀವಿ. ಚೊಂಬು ನಾನೇ ತಗೊಂಡೀನಿ. ಅದಕ್ಕೆ ಇನ್ನೇನು ಬೆರೆಸಿದ್ರೋ ನಂಗೆ ಗೊತ್ತಿಲ್ಲ. ಗೂಡಿನಾಗಿರೋ ಡಬ್ಬಿ, ಬಾಟ್ಲಿ ಎಲ್ಲಾ ಹಿಡ್ಕೊಂಡು ಬರ್ರಿ. ಬಣ್ಣ ಹಚ್ಚಿಟ್ಟ ಹಸಿ ಬೆಲ್ಟು ಹಂಗೇ ಬಿದ್ದಿರ್ಲಿ. ಕುಡಿಯೋ ಚೊಂಬಿಗೆ ಬಣ್ಣ ಹಾಕಬ್ಯಾಡ್ರಿ ಅಂತ ಎಷ್ಟು ಸಲ ಬಡ್ಕೊಳ್ಲಿ? ಗಾಡಿ ಜೋರು ಓಡಿಸಬ್ಯಾಡ್ರಿ.

ಅತ್ತೇನ ಆಟೋದಾಗೆ ಕೂರಿಸಿ ಇದನ್ನ ಮುಗಿಸಾಕೆ ಒಳಗೆ ಓಡಿಬಂದೀನಿ. ಕೂರಿಸುವಾಗ ಅವರು ನನ್ನ ಕೈ ಹಿಡ್ಕೊಂಡು, "ಭೀಮೇಶಂಗೆ ಹೇಳಬ್ಯಾಡವ್ವ, ತನ್ನಿಂದಾತು ಅಂತ ಕೊರಗ್ತಾನೆ" ಅಂದ್ರು.

ಡಾಕ್ಟ್ರಿಗೆ ಏನೂ ಮುಚ್ಚಿಡದೆ ಹೇಳ್ರಿ. ಅತ್ತೆ ಮುಂದೆ ಮಾತ್ರ ಏನೂ ಗೊತ್ತಿಲ್ಲದೋರ ಹಂಗೆ ಇರ್ರಿ.

ಮಾಲಾ