ಅಡಿಟಿಪ್ಪಣಿಯ ಪಾಯಾಳು

ಊರಿನಿಂದ,
ತಾ. 11-2-2025

ಮುದ್ದಿನ ಮೊಮ್ಮಗಳು ಪೂನಮ್‌ಗೆ ನಿನ್ನ ಆಯಿಯ ಆಶೀರ್ವಾದ, ಜೈಭೀಮ್.

ನಾವೆಲ್ಲ ಚೆನ್ನಾಗಿದ್ದೇವೆ. ಧಾರವಾಡದಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ಎಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ಮನೆಯೆಲ್ಲ ಕೇಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಪ್ಪನ ಸಾಲಿ ಪುಸ್ತಕ ನೋಡಿ ಕಲಿತ ಅಕ್ಷರ, ತಪ್ಪಿದ್ದರೆ ನೀನೇ ತಿದ್ದಿಕೊ. ನನ್ನ ಟೊಂಕದ ನೋವು ಹೇಗಿದೆ ಎಂದು ಕೇಳಿದ್ದಿ. ಈಗ ಕಡಿಮೆಯಾಗಿದೆ. ನಿಮ್ಮವ್ವ ಮಾಲಾ ಎಂದಿನಂತೆ ಸಾಲಿಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಾಳೆ. ಮಕ್ಕಳು ಅವಳ ಸಾರನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರಂತೆ.

ನಿಮ್ಮ ಪತ್ರಿಕೆ ತಲುಪಿತು. ಬಿ.ಎ. ಓದುವ ಹುಡುಗ ಹುಡುಗಿಯರೇ ಕೂಡಿ ಸಂಶೋಧನೆ ಬರೆದು, ತಿದ್ದಿ, ಅಚ್ಚು ಹಾಕಿಸಿದ್ದು ಎಂದು ಮುಖಪುಟವನ್ನು ಸವರಿ ಸವರಿ ನೋಡಿದೆ. ಸೂಲಗಿತ್ತಿಯರ ಬಗ್ಗೆ ನೀನು ಬರೆದದ್ದನ್ನು ಬೆರಳಿಟ್ಟು ಓದಿದೆ. ಗುರುತು ಸಿಗದಿರಲೆಂದು ಹೆಸರು ಬದಲಿಸಿ ನನ್ನನ್ನು ಶಟ್ಟೆವ್ವ ಎಂದು ಕರೆದಿದ್ದಿ, ಊರಿನ ಹೆಸರು ಹಾಕಿಲ್ಲ. ಹರೆಯದಲ್ಲಿ ಅತ್ತೆಯ ಜೊತೆ ನಾನು ಗೌಡರ ಮನೆಯ ಹೆರಿಗೆಗೆ ಹೋದದ್ದು, ದನದ ಕೊಟ್ಟಿಗೆಯ ಬಾಗಿಲಿಂದ ನಮ್ಮನ್ನು ಒಳಗೆ ಬಿಟ್ಟದ್ದು, ಕಾಲು ಮುಂದಾಗಿ ಬಂದ ಕೂಸು ಅಳದೆ ನೀಲಿಗಟ್ಟಿದಾಗ ನಾನು ಅದರ ಬಾಯಿಗೆ ಬಾಯಿಟ್ಟು ಊದಿದ್ದು, ಅದು ಅತ್ತ ಕೂಡಲೇ ಮನೆಯವರು ಅದರ ಬಾಯನ್ನು ಗೋಮೂತ್ರದಲ್ಲಿ ತೊಳೆದು, ಇದನ್ನು ಎಲ್ಲೂ ಆಡಬಾರದೆಂದು ನಮ್ಮಿಂದ ಆಣೆ ಮಾಡಿಸಿಕೊಂಡದ್ದು, ಎಲ್ಲ ನಾನು ಹೇಳಿದಂತೆಯೇ ಇದೆ. ಒಂದಕ್ಷರ ಹೆಚ್ಚಿಲ್ಲ.

ಎಡವಟ್ಟಾದದ್ದು ಪುಟದ ಕೆಳಗಿನ ಸಣ್ಣಕ್ಷರದಲ್ಲಿ. ಅಡಿಟಿಪ್ಪಣಿ ಎನ್ನುತ್ತೀರಂತೆ. ಬರೆದವರ ಹೆಸರು ಮುಚ್ಚಿ ಬೇರೆ ವಿದ್ಯಾರ್ಥಿಗಳಿಗೆ ಓದಲು ಕೊಡುವುದು ನಿಮ್ಮ ಪದ್ಧತಿಯಲ್ಲವೇ? ಅವರಲ್ಲೊಬ್ಬರು, ನಮ್ಮ ಸೀಮೆಯವರಲ್ಲವೆಂದು ಕಾಣುತ್ತದೆ, ಪಾಯಾಳು ಎಂದರೇನು ವಿವರಿಸಿ ಎಂದು ಕೇಳಿದ್ದರೆಂದಿದ್ದಿ. ನೀನು ವಿವರಿಸಿದಿ. ಕಾಲು ಮುಂದಾಗಿ ಹುಟ್ಟಿದವರು ಪಾಯಾಳು, ಅವರು ಕಾಲು ಸೋಕಿಸಿದರೆ ಟೊಂಕದ ನೋವು ಹೋಗುತ್ತದೆಂದು ನಂಬಿಕೆ, ಆ ಕೂಸು ಈಗ ಹಿರಿಯರಾಗಿದ್ದು ಅಮಾವಾಸ್ಯೆಗೆ ಅವರ ಕಟ್ಟೆಗೆ ಜನ ಬರುತ್ತಾರೆ ಎಂದೆಲ್ಲ. ಮಗಳೇ, ಹೆಸರು ಎಷ್ಟಾದರೂ ಬದಲಿಸಬಹುದು. ಈ ಸುತ್ತಿನಲ್ಲಿ ಪಾಯಾಳು ಒಬ್ಬನೇ, ನಿಜಗುಣಪ್ಪ ಗೌಡ.

ಅವನ ಮಗ ವಿಜಯ ಗೋವಿನಜೋಳ ಮಾರಲು ಯರಗಟ್ಟಿ ಪೇಟೆಗೆ ಹೋದಾಗ ಯಾರೋ ಮೊಬೈಲಿನಲ್ಲಿ ಆ ಪುಟ ತೋರಿಸಿ, "ನಿಮ್ಮಪ್ಪಗ ಮದಲ ಮುತ್ತು ಕೊಟ್ಟಾಕಿ ಯಾರಂತ ಗೊತ್ತಾತೇನೋ?" ಎಂದು ನಕ್ಕರಂತೆ. ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದ. ಸಾಲಿಯ ಸಮಿತಿಗೆ ಈಗ ಅವನೇ ಅಧ್ಯಕ್ಷ. ಸಿಟ್ಟು ಮಾಡಲಿಲ್ಲ. ಬೈಕಿನಿಂದ ಇಳಿಯದೆ, ಅಡುಗೆಯವಳನ್ನು ಬದಲಿಸಿ ಎಂದು ಕೆಲವು ಪಾಲಕರು ಪಟ್ಟು ಹಿಡಿದು ಕೂತಿದ್ದಾರೆ, ತಾನೇ ತಡೆದಿದ್ದೇನೆ ಎಂದ. ಆಮೇಲೆ ಒಂದು ಟೈಪು ಮಾಡಿದ ಕಾಗದ ತೋರಿಸಿದ. ನಾನು ಹಾಗೆ ಹೇಳೇ ಇಲ್ಲ, ಮೊಮ್ಮಗಳೇ ಕಟ್ಟಿ ಬರೆದಳು ಎಂದು ಅದರಲ್ಲಿತ್ತು. ನಾಳೆ ಕಟ್ಟೆಗೆ ಬಂದು ಸಹಿ ಮಾಡು ಎಂದು ಹೇಳಿ ಹೋದ.

ಅದೇ ಸಂಜೆ ನಿನ್ನ ಫೋನು. ಪತ್ರಿಕೆಗೆ ದೂರು ಬಂದಿದೆ, ಹೇಳಿದ್ದು ಖರೆ ಎಂದು ಆಯಿ ಒಂದು ಸಾಲು ಬರೆದುಕೊಟ್ಟರೆ ಲೇಖನ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನು ತೆಗೆದು, ನಿನ್ನನ್ನು ಸಂಪಾದಕಿ ಕೆಲಸದಿಂದ ಇಳಿಸಿ, ಕಟ್ಟುಕತೆ ಬರೆದಳೆಂದು ಮುಂದಿನ ಸಂಚಿಕೆಯಲ್ಲಿ ಹಾಕುತ್ತಾರೆ ಎಂದಿ. ಬರೆದರೆ ನಿಮ್ಮವ್ವನ ಒಲೆ ಆರುತ್ತದೆ. ಬರೆಯದಿದ್ದರೆ ನೀನು ಸುಳ್ಳಿ. ಆ ಸಾಲು ಬಾಯಲ್ಲೇ ತಿರುಗಿತು, ಕೈಗೆ ಇಳಿಯಲಿಲ್ಲ.

ನಿನ್ನಪ್ಪ ಅಜಿತ ಎದ್ದು ಹೊರಗೆ ಹೋದ. ಮಾಲಾ ರೊಟ್ಟಿ ಬಡಿಯುತ್ತ ಇಷ್ಟೇ ಅಂದಳು: "ನನ್ನ ಕೈಯಾನ ಅನ್ನಾ ಊರ ಮಕ್ಕಳೆಲ್ಲಾ ಉಣ್ಣಾಕ ಹತ್ತಿದಾಗ ನೀವ ಕಣ್ಣೀರ ಹಾಕಿದ್ರಿ, ಅತ್ತಿ." ರೊಟ್ಟಿ ತಿರುವಿ ಹಾಕಿದಳು.

ಮರುದಿನ ಕಟ್ಟೆಗೆ ಹೋದೆ. ನಿಜಗುಣಪ್ಪ ಮಂದಿಯ ನಡುವೆ ಕೂತಿದ್ದ. ನನ್ನ ಹೆಬ್ಬೆಟ್ಟಿಗೆಂದು ಶಾಯಿ ಡಬ್ಬಿ ತೆರೆದಿಟ್ಟಿದ್ದರು.

"ಓದಿ ಹೇಳ್ಲೇನಬೇ ಮುದಕಿ?" ಎಂದ ವಿಜಯ.

"ನನಗ ಓದಾಕ ಬರತೈತ್ರಿ" ಅಂದೆ.

ಓದಿದೆ. ನಿನ್ನ ಹೆಸರಿನ ಪಕ್ಕದಲ್ಲೇ ಸುಳ್ಳು ಎಂದು ಬರೆದಿತ್ತು. ಶಾಯಿ ಡಬ್ಬಿ ಸರಿಸಿ ಸಹಿ ಮಾಡಿದೆ. ಅಕ್ಷರ ಕಲಿತದ್ದು ಇದಕ್ಕಾಯಿತಲ್ಲ ಎನ್ನಿಸಿತು.

ಈ ಪತ್ರವನ್ನು ಪತ್ರಿಕೆಯ ಗೆಳೆಯರಿಗೆ ತೋರಿಸಿದರೆ ನೀನು ಗೆಲ್ಲುತ್ತೀ. ತೋರಿಸುವುದು ಬಿಡುವುದು ನಿನ್ನ ಇಚ್ಛೆ ಎಂದು ಬರೆಯುವ ಧೈರ್ಯ ನನಗಿಲ್ಲ. ತೋರಿಸಬೇಡ. ನೀನು ಸುಳ್ಳು ಬರೆದಿಲ್ಲ ಎಂದು ಯಾರಾದರೂ ಒಬ್ಬರು ನಿನಗೆ ಬರೆದು ತಿಳಿಸಬೇಕಿತ್ತು, ಅಷ್ಟೇ.

ಓದು ಬಿಡಬೇಡ. ಬುದ್ಧನ ಕರುಣೆ ನಿನ್ನ ಮೇಲಿರಲಿ. ನಿನ್ನ ಕೈ ನನ್ನ ಕೈಗಿಂತ ಗಟ್ಟಿಯಾಗಲಿ.

ನಿನ್ನ ಆಯಿ,
ಸುಂದರವ್ವ

ತಾ.ಕ.: ಟೊಂಕದ ನೋವು ಕಡಿಮೆಯಾಗಿದೆ ಎಂದು ಮೇಲೆ ಬರೆದದ್ದು ಸುಳ್ಳು. ಸಹಿ ಆದ ಮೇಲೆ ನಿಜಗುಣಪ್ಪ, "ಭಾಳ ಬಾಗಿ ನಡ್ಯಾಕ ಹತ್ತೀಯಲ್ಲ ಸುಂದ್ರಿ, ಬಗ್ಗು, ಕಾಲ ಸೋಕಸ್ತೇನಿ" ಅಂದ. ನಮ್ಮ ಕೇರಿಯವರಿಗೆ ಅವನು ಎಂದೂ ಕಾಲು ಸೋಕಿಸಿದವನಲ್ಲ. ಬಗ್ಗಿದೆ. ಎಲ್ಲರಿಗೂ ಬರಿಗಾಲಲ್ಲಿ ಸೋಕಿಸುವವನು ನನಗೆ ಕಾಲ್ಮರಿ ಕಳಚಲಿಲ್ಲ. ಹಗುರಾತೇನ ಎಂದು ಕೇಳಿದ. ಮಂದಿಯ ಮುಂದೆ ಆತ್ರಿ ಅಂದೆ. ಲೇಖನಕ್ಕೆಂದು ನೀನು ಕೇಳಿದಾಗ ಹೇಳದೇ ಉಳಿದ ಮಾತೊಂದಿದೆ. ಆ ಕೂಸಿನ ಬಾಯಿಗೆ ಬಾಯಿಡುವ ಮುಂಚೆ, ಅಷ್ಟು ಅವಸರದಲ್ಲೂ, ನಾನು ಎಲೆಯಡಿಕೆ ಉಗುಳಿ ಬಾಯಿ ಮುಕ್ಕಳಿಸಿಕೊಂಡಿದ್ದೆ.