ಹತ್ತು ದಿನದ ರಜೆ

ಅಂಗಡಿಯ ಮೇಲಿನ ಮನೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯ? ಕಾಲಿನ ಹುಣ್ಣು ವಾಸಿಯಾಯಿತೇ? ಹೊಸ ಬೂಟು ಕೊಟ್ಟರೋ, ಇಲ್ಲ ಹಳೆಯದರಲ್ಲೇ ಒದ್ದಾಡುತ್ತಿದ್ದೀಯೋ? ನಿನ್ನ ಹೋದ ಕಾಗದದಲ್ಲಿ ಎಲ್ಲಾ ಚೆನ್ನಾಗಿದೆ ಎಂದು ಬರೆದಿದ್ದೆ. ನೀನು ಹಾಗೆ ಬರೆದಾಗಲೇ ನನ್ನ ನಿದ್ದೆ ಹಾರಿಹೋಗುವುದು. ಚಿಕ್ಕಂದಿನಲ್ಲಿ ಜ್ವರ ಮುಚ್ಚಿಟ್ಟು ಆಟಕ್ಕೆ ಓಡುತ್ತಿದ್ದವನೂ ಇದನ್ನೇ ಹೇಳುತ್ತಿದ್ದ. ನಾನು ಗಟ್ಟಿಯಾಗಿದ್ದೇನೆ, ಮಂಡಿನೋವು ಮೆಟ್ಟಿಲು ಹತ್ತುವಾಗ ಮಾತ್ರ. ನಿನ್ನ ಅಪ್ಪನೂ ಉಂಡುಕೊಂಡು ತಿಂದುಕೊಂಡು ಇದ್ದಾರೆ, ನಮ್ಮಿಬ್ಬರಿಗೂ ಮಾತಿಲ್ಲ ಅಷ್ಟೇ. ಮಾತು ಬಿಟ್ಟವಳು ನಾನು. ಯಾಕೆಂದು ಹೇಳುವುದಕ್ಕೇ ಈ ಕಾಗದ. ನಿಮ್ಮ ಕಡೆ ಕಾಗದಗಳನ್ನು ಒಡೆದು ಓದುತ್ತಾರಂತೆ. ಓದಲಿ ಬಿಡು, ಓದುವವನಿಗೂ ಒಬ್ಬ ಅಮ್ಮ ಇದ್ದಾಳು.

ನಿನ್ನ ಅಪ್ಪನ ಸ್ವಭಾವ ನಿನಗೆ ಗೊತ್ತು. ಕ್ಷೌರದ ಕುರ್ಚಿಯಲ್ಲಿ ಕೂತು ಕುತ್ತಿಗೆ ಕೊಟ್ಟವನು ಏನು ಹೇಳಿದರೂ ಹೌದು. ಒಬ್ಬ ಈ ಸರ್ಕಾರ ಬೀಳಬೇಕು ಎಂದರೆ ‘ಹೌದು ಸಾರ್’, ಪಕ್ಕದ ಕುರ್ಚಿಯವನು ಇದೇ ಸರ್ಕಾರ ಇರಬೇಕು ಎಂದರೆ ‘ಅದೂ ಹೌದು ಸಾರ್’. ಕತ್ತಿ ಹಿಡಿದವನು ವಾದ ಮಾಡಬಾರದು ಎಂಬುದು ಅವರ ಕಸುಬಿನ ನಿಯಮ. ಹಾಗೆಯೇ ಎಷ್ಟು ಜಗಳ ಬಿಡಿಸಿದ್ದಾರೆ ನೆನಪಿದೆಯಾ? ಬೇಕರಿಯವನೂ ಸೈಕಲ್ ರಿಪೇರಿಯವನೂ ಚರಂಡಿ ವಿಷಯಕ್ಕೆ ಕೈ ಕೈ ಮಿಲಾಯಿಸಿದಾಗ ಇಬ್ಬರನ್ನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಯಲಾಗದಷ್ಟು ನೊರೆ ಬಳಿದು, ನೀರು ಇನ್ನೂ ಕಾದಿಲ್ಲ ಎಂದು ಸುಳ್ಳು ಹೇಳಿ ಹಾಗೇ ಬಿಟ್ಟಿದ್ದರು. ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನೋಡಿ ಕೊನೆಗೆ ಇಬ್ಬರಿಗೂ ನಗು ಬಂತು. ಚರಂಡಿಯನ್ನು ಮರುದಿನವೇ ಇಬ್ಬರೂ ಸೇರಿ ತೆಗೆಸಿದರು. ಇಂಥ ಮನುಷ್ಯನ ಬಾಯಲ್ಲಿ ಯುದ್ಧ ಬೇಕು ಎಂಬ ಮಾತು ಬಂದಿತಲ್ಲ ಎಂದು ನನಗೆ ಸಂಕಟ.

ಆಗಿದ್ದು ಇಷ್ಟು. ಹೋದ ವಾರ ನಮ್ಮ ಕ್ಷೇತ್ರದ ಭರವಸೆ ಸಾಹೇಬರು ಅಂಗಡಿಗೆ ಬಂದರು. ಬೆನ್ನ ಹಿಂದೆ ಭರವಸೆ, ಎದುರಿಗೆ ಸಾಹೇಬರು. ಹೆಸರಿಟ್ಟವರು ನಮ್ಮ ಅಂಗಡಿಯ ಬೆಂಚಿನವರೇ. ಕ್ಷೌರಕ್ಕೆ ಬಂದದ್ದಲ್ಲ, ಜನರ ನಡುವೆ ಕೂತ ಹಾಗೆ ವಿಡಿಯೋ ಆಗಬೇಕಿತ್ತು. ಗಡ್ಡವನ್ನು ಮನೆಯಲ್ಲೇ ಬೋಳಿಸಿಕೊಂಡು ಬಂದಿದ್ದರಂತೆ, ನಿನ್ನ ಅಪ್ಪ ಬರೀ ನೊರೆಯನ್ನೇ ಬೋಳಿಸಿದರು. ಆ ಹೊತ್ತಿನಲ್ಲೇ ಅವರು, ನಿಮ್ಮ ಮಗ ಗಡಿಯಲ್ಲಿದ್ದಾನಲ್ಲ, ಶತ್ರುವಿನ ಜೊತೆ ಮಾತುಕತೆ ಬೇಡ, ಯುದ್ಧವೇ ಮುಂದುವರಿಯಲಿ, ಏನಂತೀರಿ ಎಂದು ಕೇಳಿದರು. ಇವರು ರೂಢಿಯಂತೆ ‘ಹೌದು ಸಾರ್’ ಎಂದರು. ಸಂಜೆಯೊಳಗೆ ಊರಿನವರ ಫೋನಿನಲ್ಲೆಲ್ಲ ಅದೇ. ಈಗ ಬಸ್ ನಿಲ್ದಾಣದ ಗೋಡೆಯ ಮೇಲೆ ನಿನ್ನ ಅಪ್ಪನ ದೊಡ್ಡ ಮುಖ, ಅದರ ಕೆಳಗೆ ‘ಸೈನಿಕನ ತಂದೆಯೇ ಹೇಳುತ್ತಾರೆ, ಮಾತುಕತೆ ಬೇಡ’ ಎಂದು ಬರೆಸಿದ್ದಾರೆ.

ಬೆಂಚಿನವರ ವಿಷಯ ಕೇಳು. ದಿನಾ ಪೇಪರು ಹರಡಿಕೊಂಡು ಎಲ್ಲರೂ ಕಳ್ಳರೇ, ಯುದ್ಧ ಮಾಡಿಸುವುದೂ ಓಟಿಗೆ, ನಿಲ್ಲಿಸುವುದೂ ಓಟಿಗೆ ಎನ್ನುವ ಜನ. ಭರವಸೆಯ ಒಂದು ಮಾತನ್ನೂ ನಂಬದವರು ಆ ಗೋಡೆಯನ್ನು ಮಾತ್ರ ನಂಬಿಬಿಟ್ಟರು. ಎದುರು ಮನೆಯ ಟೈಲರಮ್ಮನಿಗೆ ಅವರು ಮಾಡಿದ್ದಂತೂ ಹೇಳಲು ನಾಚಿಕೆ. ಆಕೆಯ ಮಗ, ನಿನ್ನ ಗೆಳೆಯ ಕಡ್ಡಿ, ಆ ಕಡೆಯವರ ಸೆರೆಯಲ್ಲಿರುವುದು ನಿನಗೆ ತಿಳಿದದ್ದೇ. ಮಾತುಕತೆ ಆದರೆ ಸೆರೆಯಾಳುಗಳನ್ನು ಪರಸ್ಪರ ಬಿಡುತ್ತಾರಂತೆ, ಇಲ್ಲವಾದರೆ ಇಲ್ಲ. ಅದಕ್ಕೇ ಅವನ ಅಮ್ಮ ಸಾಹೇಬರ ಕಚೇರಿಯೆದುರು ‘ಮಾತಾಡಿ’ ಎಂದು ಹೊಲಿದ ಬಟ್ಟೆಯೊಂದನ್ನು ಹಿಡಿದು ಸುಮ್ಮನೆ ಕೂತಳು. ಆ ಕಡೆಯವರಿಂದ ಎಷ್ಟು ತಗೊಂಡಿದ್ದಾಳೋ ಎಂದರು ನಮ್ಮ ಬೆಂಚಿನವರು. ಈಗ ಆಕೆಗೆ ಒಂದು ಗುಂಡಿ ಹಾಕಲೂ ಯಾರೂ ಬಟ್ಟೆ ಕೊಡುವುದಿಲ್ಲ. ಯಾರನ್ನೂ ನಂಬದೆ ನಂಬದೆ ಜನಕ್ಕೆ ನಿಜ ಹೇಳುವವರ ಗುರುತೇ ಹತ್ತದಂತಾಗಿದೆ. ನಾನೇನು ಕಡಿಮೆಯೇ? ಎಲ್ಲಾ ನಾಟಕ ಎಂದು ಟಿ.ವಿ. ಆರಿಸಿ ಅಂಗಡಿಯ ಟವೆಲ್ ಒಗೆಯಲು ಹೋಗುತ್ತಿದ್ದವಳು.

ಈಗ ಆ ನಾಟಕ ಮೆಟ್ಟಿಲು ಹತ್ತಿ ನಮ್ಮ ಮನೆಗೇ ಬಂದಿದೆ. ನಾಳೆ ಸಂಜೆ ಮೈದಾನದಲ್ಲಿ ಸಭೆ. ಅಪ್ಪನ ಮುಖ ಸಾಲದೆ ಅಮ್ಮನ ಬಾಯಿಯೂ ಬೇಕಂತೆ. ‘ನನ್ನ ಮಗನನ್ನು ಕೊಟ್ಟಿದ್ದೇನೆ, ಮಾತುಕತೆ ಬೇಡ’ ಎಂದು ನಾನು ಮೈಕಿನಲ್ಲಿ ಹೇಳಬೇಕು. ಮೊನ್ನೆ ಸಾಹೇಬರ ಕಾರ್ಯದರ್ಶಿ ಬಂದು ಬಾಯಿಪಾಠ ಮಾಡಿಸಲು ಕೂತ. ನನ್ನಿಂದಾಗದು ಎಂದೆ. ಆತ ಬಾಗಿಲು ಮುಂದೆ ಮಾಡಿ ಧ್ವನಿ ತಗ್ಗಿಸಿ, “ಹೇಳಿಬಿಡಿ ಅಮ್ಮಾ. ಮುಂದಿನ ವಾರವೇ ನಿಮ್ಮ ಹುಡುಗನಿಗೆ ಹತ್ತು ದಿನ ರಜೆ ಕೊಡಿಸ್ತೀವಿ. ಹೇಳ್ದೆ ಇದ್ರೆ ರಜೆ ಪಟ್ಟಿಯಲ್ಲಿ ಅವನ ಹೆಸರು ಎಲ್ಲೋ ಕೆಳಗೆ ಹೋಗಿಬಿಡುತ್ತೆ” ಎಂದ. ಅಂಗಡಿಯ ಕಟ್ಟಡ ಸಾಹೇಬರ ಭಾವಮೈದುನನದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೋಗುವಾಗ ಗೋಡೆಯನ್ನು ಒಮ್ಮೆ ತಟ್ಟಿ ನೋಡಿದ.

ಅವತ್ತಿನಿಂದ ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಕೆಳಗಿಳಿದರೆ ಬೆಂಚಿನವರು ಎದ್ದು ನಿಂತು ದಾರಿ ಬಿಡುತ್ತಾರೆ. ಕಿಟಕಿ ತೆಗೆದರೆ ಟೈಲರಮ್ಮ, ಮಿಷನ್ನಿನ ಮುಂದೆ ಕೈಕಟ್ಟಿ ಕೂತಿರುತ್ತಾಳೆ. ಟವೆಲ್ ಹರವಲು ತಾರಸಿಗೆ ಹೋದರೆ ಅಲ್ಲಿಗೂ ಗೋಡೆಯ ಮೇಲಿನ ನಿನ್ನ ಅಪ್ಪ ಕಾಣಿಸುತ್ತಾರೆ. ನಾನು ಹೂಂ ಎಂದರೆ ನೀನು ಬರುತ್ತೀಯ, ಕಡ್ಡಿ ಅಲ್ಲೇ ಕೊಳೆಯುತ್ತಾನೆ. ಊಹೂಂ ಎಂದರೆ ನೀನೂ ಇಲ್ಲ, ಅಂಗಡಿಯೂ ಇಲ್ಲ. ರಜೆಯ ಮಾತು ಬರೀ ಬಾಯಿಮಾತಿರಬಹುದು ಎಂದು ನನಗೆ ಗೊತ್ತಿಲ್ಲವೇ? ಸೇತುವೆ ಕಟ್ಟಿಸುತ್ತೇನೆಂದು ಕಲ್ಲು ನೆಟ್ಟು ಹೋದವರು ಅವರು. ಆ ಕಲ್ಲು ಇದುವರೆಗೆ ಬೀದಿನಾಯಿಗಳಿಗೆ ಮಾತ್ರ ಉಪಯೋಗಕ್ಕೆ ಬಂದಿದೆ. ಆದರೂ ನಿನ್ನೆ ನಿನ್ನ ಕೋಣೆ ಗುಡಿಸಿದೆ, ಹೊದಿಕೆ ಒಗೆದು ಬಿಸಿಲಿಗೆ ಹಾಕಿದೆ. ನಂಬುವುದಿಲ್ಲ ಎನ್ನುತ್ತಲೇ ಕೈ ಎಲ್ಲಾ ಕೆಲಸ ಮಾಡಿಬಿಟ್ಟಿತು. ನಿನ್ನನ್ನು ನೋಡಬೇಕು ಕಣೋ, ನನಗೆ ಇನ್ನೇನೂ ಬೇಡ. ರಾತ್ರಿ ನಿನ್ನ ಅಪ್ಪ ತಟ್ಟೆಯ ಮುಂದೆ ಕೂತು ಅತ್ತರು. “ನನ್ನ ಬಾಯಿಗೆ ಅಭ್ಯಾಸ ಆಗ್ಹೋಗಿದೆ ಕಣೇ” ಎಂದರು. ನಾನು ನೀರು ತಂದಿಟ್ಟು ಒಳಗೆ ಹೋದೆ.

ಕಾಲಿಗೆ ಮುಲಾಮು ಹಚ್ಚು, ಒದ್ದೆ ಕಾಲುಚೀಲ ಹಾಕಿಕೊಳ್ಳಬೇಡ. ನಿನ್ನ ಜೊತೆಯ ಹುಡುಗರಿಗೆಲ್ಲ ಒಬ್ಬ ಅಮ್ಮ ಕೇಳಿದಳೆಂದು ಹೇಳು. ಯಾರೂ ಧೈರ್ಯ ತೋರಿಸಲು ಹೋಗಬೇಡಿ, ತಲೆ ತಗ್ಗಿಸಿಕೊಂಡೇ ಓಡಾಡಿ. ನಿನ್ನ ಮೈಗೆ ಒಂದು ಮುಳ್ಳೂ ತಾಗದಿರಲಿ, ನೂರು ಕಾಲ ಬಾಳು.

ನಿನ್ನ,
ಅಮ್ಮ

ಮತ್ತೆ: ಶುಕ್ರವಾರ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೆಳಗೆ ಅವರ ಕಾರು ಹಾರ್ನ್ ಹೊಡೆಯುತ್ತಿದೆ. ಈಗಷ್ಟೇ ಟೈಲರಮ್ಮ ಬಂದಿದ್ದಳು. ನನ್ನ ರವಿಕೆಯ ತೋಳಿನ ಹೊಲಿಗೆ ಬಿಟ್ಟಿದ್ದು ಕಂಡು, ಸೂಜಿ ತೆಗೆದು ನಿಂತಲ್ಲೇ ಹಾಕಿಕೊಟ್ಟಳು. ದಾರ ಕಡಿಯುತ್ತಾ, “ಅಕ್ಕಾ, ಅವ್ರು ಹೇಳ್ಕೊಟ್ಟಿದ್ದನ್ನ ಹೇಳಿಬಿಡಿ. ಇಬ್ಬರಲ್ಲಿ ನಿಮ್ಮವನಾದ್ರೂ ಮನೆಗೆ ಬರ್ಲಿ” ಎಂದಳು. ಆಕೆ ಬೈದಿದ್ದರೆ, ಕಾಲು ಹಿಡಿದಿದ್ದರೆ, ನಾನು ಹೇಳಿಬಿಡುತ್ತಿದ್ದೆನೋ ಏನೋ. ಇನ್ನು ನನ್ನಿಂದಾಗದು. ಮೈಕು ಕೈಗೆ ಬಂದ ಕೂಡಲೇ ಮಾತುಕತೆ ಆಗಲಿ, ಕಡ್ಡಿಯನ್ನು ಬಿಡಿಸಿ ತನ್ನಿ ಎನ್ನುತ್ತೇನೆ. ಎಷ್ಟು ಹೇಳಲು ಬಿಡುತ್ತಾರೋ ಅಷ್ಟು. ನಿನ್ನ ಜೊತೆಯವರೆಲ್ಲ ಊರಿಗೆ ಹೊರಟು ನೀನೊಬ್ಬನೇ ಉಳಿದರೆ ನಿನ್ನ ಮೇಲಧಿಕಾರಿಯನ್ನು ಬೈದುಕೊಳ್ಳಬೇಡ ಮಗನೇ. ನಿನ್ನ ರಜೆ ತಪ್ಪಿಸಿದ್ದು ನಾನು.